ಟೇಬಲ್ ಅಳಿಸೋಕೆ ಯಾಕಿಷ್ಟು ಹೊತ್ತು?

ಇವತ್ತಿನ ಪ್ರಶ್ನೆ ಕೇಳೋಕೆ ಬಹಳ ಸಣ್ಣದು. ಫೋನಿನಲ್ಲಿ 2 ಜಿಬಿ ಸಿನಿಮಾ ಅಳಿಸಿದರೆ ಕಣ್ಣು ಮಿಟುಕಿಸೋದ್ರಲ್ಲಿ ಹೋಗುತ್ತೆ. ಅದೇ ಡೇಟಾಬೇಸಿನ ಒಂದು ದೊಡ್ಡ ಟೇಬಲ್‌ನಿಂದ ಹಳೇ ಡೇಟಾ ತೆಗೆಯೋಕೆ ಹೋದರೆ ಗಂಟೆಗಟ್ಟಲೆ ನಡೆಯುತ್ತೆ. ಕೆಲವು ಸಲ ಇಡೀ ಸೈಟೇ ನಿಂತುಬಿಡುತ್ತೆ. ಬೇಡ ಅಂತ ಬಿಸಾಡೋ ವಸ್ತುವಿಗೆ ಇಷ್ಟು ಕಷ್ಟ ಯಾಕೆ?

ಈ ಚಾನೆಲ್ ನೋಡೋರಲ್ಲಿ ತುಂಬಾ ಜನ ಪುಣೆ, ಹೈದರಾಬಾದ್, ಚೆನ್ನೈ, ಗುರುಗ್ರಾಮದಲ್ಲಿ ಬ್ಯಾಕೆಂಡ್ ಕೆಲಸದಲ್ಲಿದ್ದೀರಿ. ಆನ್‌ಕಾಲ್ ಡ್ಯೂಟಿ ಮಾಡಿದ್ದೀರಿ. ಈ ಪ್ರಶ್ನೆ ಸಾಮಾನ್ಯವಾಗಿ ಎದುರಾಗೋದು ರಾತ್ರಿ ಹೊತ್ತು, ಡಿಸ್ಕ್ 95 ಪರ್ಸೆಂಟ್ ತುಂಬಿದೆ ಅಂತ ಅಲರ್ಟ್ ಬಂದಾಗ. ಆವಾಗ ಕೂತು ಮ್ಯಾನುಯಲ್ ಓದೋಕೆ ಪುರುಸೊತ್ತು ಇರಲ್ಲ. ಅದಕ್ಕೆ ಈಗಲೇ ಸಮಾಧಾನವಾಗಿ ನೋಡೋಣ. ನಾನು ಹೆಚ್ಚು ಕೆಲಸ ಮಾಡಿರೋದು ಮೈಎಸ್‌ಕ್ಯೂಎಲ್‌ನಲ್ಲಿ, ಅದರ ಇನ್ನೋಡಿಬಿ ಎಂಜಿನ್ ಇಟ್ಕೊಂಡು ಹೇಳ್ತೀನಿ. ಬೇಕಾದ ಕಡೆ ಪೋಸ್ಟ್‌ಗ್ರೆಸ್ ಬಗ್ಗೆನೂ ಹೇಳ್ತೀನಿ. ಇನ್ನೊಂದು ಮಾತು. ಟೇಬಲ್ಲಿನ ಒಂದೊಂದು ದಾಖಲೆಗೆ ನಾವು ಆಫೀಸಲ್ಲಿ ರೋ ಅಂತೀವಿ. ಆದರೆ ಬಹುವಚನದಲ್ಲಿ 'ರೋಗಳು' ಅಂದಾಗ 'ರೋಗಗಳು' ಅಂತ ಕೇಳಿಸುತ್ತೆ. ಹಾಗಾಗಿ ಸಾಲು ಅಂತಲೇ ಕರೀತೀನಿ.

ಮೊದಲು ಡಿಲೀಟ್ ಕಮಾಂಡ್. ಒಂದು ಲೆಕ್ಕ ಹಾಕೋಣ. ಆರ್ಡರ್‌ಗಳ ಲಾಗ್ ಟೇಬಲ್ ಒಂದಿದೆ, 100 ಕೋಟಿ ಸಾಲು. ಒಂದು ಸಾಲಿಗೆ 200 ಬೈಟ್ ಅಂದ್ರೂ 200 ಜಿಬಿ ಆಯ್ತು. ಅದರಲ್ಲಿ 60 ಕೋಟಿ ಹಳೇ ಸಾಲು ತೆಗೀಬೇಕು. ಪ್ರೈಮರಿ ಕೀ ಬಿಟ್ಟು ಮೂರು ಇಂಡೆಕ್ಸ್ ಇದೆ ಅಂತ ಇಟ್ಕೊಳ್ಳಿ.

ನೀವು ಡಿಲೀಟ್ ಕೊಟ್ಟಾಗ ಇನ್ನೋಡಿಬಿ ಆ ಸಾಲನ್ನ ಕಿತ್ತು ಹಾಕಲ್ಲ. ನಮ್ಮೂರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸ್ಕೊಳ್ಳಿ. ಬಾಕಿ ತೀರಿದಾಗ ಸಾಹುಕಾರ ಹಾಳೆ ಹರಿಯಲ್ಲ, ಆ ಸಾಲಿನ ಮೇಲೆ ಗೀಟು ಎಳೀತಾನೆ. ಇಲ್ಲೂ ಹಾಗೇ. ಸಾಲನ್ನ ಹುಡುಕಬೇಕು, ಅದಕ್ಕೆ ಲಾಕ್ ಹಾಕಬೇಕು, ಇದನ್ನ ವಾಪಸ್ ತರಬೇಕಾದರೆ ಹೇಗೆ ಅಂತ ಅಂಡೂ ಲಾಗ್‌ನಲ್ಲಿ ಒಂದು ಟಿಪ್ಪಣಿ ಬರೀಬೇಕು, ಆಮೇಲೆ ಸಾಲಿನ ಮೇಲೆ 'ಅಳಿಸಿದೆ' ಅನ್ನೋ ಗುರುತು ಹಾಕಬೇಕು. ಮೂರು ಇಂಡೆಕ್ಸ್‌ಗಳಲ್ಲೂ ಅದೇ ಗುರುತು. ಕರೆಂಟ್ ಹೋದ್ರೂ ಇದು ಉಳೀಬೇಕಲ್ಲ, ಅದಕ್ಕೆ ಎಲ್ಲವನ್ನೂ ರೀಡೂ ಲಾಗ್‌ನಲ್ಲಿ ಮತ್ತೆ ಬರೀಬೇಕು. ರೆಪ್ಲಿಕಾಗಳಿಗೆ ತಿಳಿಸೋಕೆ ಬಿನ್‌ಲಾಗ್‌ನಲ್ಲಿ ಇನ್ನೊಂದು ಸಲ.

60 ಕೋಟಿ ಸಾಲು, ತಲಾ ನಾಲ್ಕು ಜಾಗ. 240 ಕೋಟಿ ಗುರುತು ಆಯ್ತು. ಇದು ಅರ್ಧ ಕೆಲಸ ಮಾತ್ರ. ಕಮಿಟ್ ಆದ ಮೇಲೆ, ಹಳೇ ಸಾಲು ಇನ್ಯಾರಿಗೂ ಬೇಕಿಲ್ಲ ಅಂತ ಖಾತ್ರಿ ಆದಾಗ, ಪರ್ಜ್ ಅನ್ನೋ ಹಿನ್ನೆಲೆ ಥ್ರೆಡ್‌ಗಳು ಬಂದು ಆ ಗುರುತು ಬಿದ್ದಿರೋ ನಮೂದುಗಳನ್ನ ನಿಜವಾಗಿ ತೆಗೀತವೆ. ಅಂದ್ರೆ ಅದೇ 240 ಕೋಟಿ ಜಾಗಕ್ಕೆ ಎರಡನೇ ಭೇಟಿ.

ಇದರಲ್ಲಿ ನಿಜವಾಗಿ ಹೊತ್ತು ತಿನ್ನೋದು ಇಂಡೆಕ್ಸ್‌ಗಳು. ಪ್ರೈಮರಿ ಕೀ ಪ್ರಕಾರ ಹಳೇ ಸಾಲುಗಳು ಒಂದರ ಪಕ್ಕ ಒಂದು ಕೂತಿರ್ತವೆ, 16 ಕೆಬಿಯ ಒಂದು ಪೇಜ್ ತೆಗೆದರೆ ಹತ್ತಾರು ಸಾಲು ಒಟ್ಟಿಗೆ ಸಿಗುತ್ತೆ. ಆದರೆ ಗ್ರಾಹಕರ ಐಡಿ ಮೇಲಿರೋ ಇಂಡೆಕ್ಸ್‌ನಲ್ಲಿ ಅದೇ ಸಾಲುಗಳು ಎಲ್ಲೆಲ್ಲೋ ಚದುರಿ ಹೋಗಿರ್ತವೆ. ಒಂದೊಂದಕ್ಕೂ ಬೇರೆ ಪೇಜ್. ಮೆಮೊರಿಯಲ್ಲಿ ಇಂಡೆಕ್ಸ್ ಪೂರ್ತಿ ಹಿಡಿಯದಿದ್ದರೆ ಪ್ರತಿ ಸಲ ಡಿಸ್ಕಿಗೆ ಓಡಬೇಕು. ಡಿಲೀಟ್ ಶುರುವಿನಲ್ಲಿ ಜೋರಾಗಿ ಓಡಿ ಆಮೇಲೆ ಆಮೆ ಥರ ಆಗೋದಕ್ಕೆ ಬಹಳ ಸಲ ಇದೇ ಕಾರಣ.

ಹಾಗಾದ್ರೆ ಡೇಟಾಬೇಸ್ ಯಾಕೆ ಇಷ್ಟೆಲ್ಲಾ ಒದ್ದಾಡುತ್ತೆ? ಅದು ನಮಗೆ ಎರಡು ಮಾತು ಕೊಟ್ಟಿದೆ. ಒಂದು, ಕಮಿಟ್ ಆಗೋ ತನಕ ಯಾವಾಗ ಬೇಕಾದ್ರೂ 'ಬೇಡ, ವಾಪಸ್ ತಗೋ' ಅಂತ ಹೇಳಬಹುದು. ಎರಡು, ನೀವು ಅಳಿಸ್ತಾ ಇರೋವಾಗಲೇ ಇನ್ನೊಬ್ಬರು ರಿಪೋರ್ಟ್ ಓಡಿಸ್ತಿದ್ದರೆ ಅವರಿಗೆ ಹಳೇ ಚಿತ್ರ ಕೆಡದ ಹಾಗೆ ಕಾಣಬೇಕು. ಫೋನಿನ ಸಿನಿಮಾ ಫೈಲಿಗೆ ಈ ಎರಡೂ ಮಾತು ಯಾರೂ ಕೊಟ್ಟಿಲ್ಲ. ಅದಕ್ಕೇ ಅದು ಚಿಟಿಕೆ ಹೊಡೆಯೋದ್ರಲ್ಲಿ ಹೋಗುತ್ತೆ. ಡೇಟಾಬೇಸಿನ ಮಟ್ಟಿಗೆ ಅಳಿಸೋದು ಅಂದ್ರೆ ಬರೆಯೋದೇ.

ಈ ಒಂದು ವಿಷಯ ಮನಸ್ಸಿಗೆ ಹತ್ತಿದರೆ ಆನ್‌ಕಾಲ್‌ನಲ್ಲಿ ಬರೋ ಎರಡು ದೊಡ್ಡ ಅಪಾಯ ತಾನಾಗೇ ಅರ್ಥ ಆಗುತ್ತೆ.

ಮೊದಲನೇದು, ಡಿಸ್ಕ್ ತುಂಬಿದೆ ಅಂತ ಡಿಲೀಟ್ ಕೊಟ್ಟರೆ ಡಿಸ್ಕ್ ಇನ್ನೂ ತುಂಬುತ್ತೆ. ಗೀಟು ಎಳೆದ ಮಾತ್ರಕ್ಕೆ ಉದ್ರಿ ಪುಸ್ತಕ ತೆಳ್ಳಗಾಗಲ್ಲ. ಪರ್ಜ್ ಆದ ಮೇಲೂ ಖಾಲಿಯಾದ ಜಾಗ ಆ ಟೇಬಲ್ಲಿನ ಫೈಲಿನೊಳಗೇ ಉಳಿಯುತ್ತೆ, ಹೊಸ ಸಾಲು ಬಂದಾಗ ಬಳಸೋಕೆ. ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಬೈಟೂ ವಾಪಸ್ ಬರಲ್ಲ. ಮೇಲಿಂದ ಅಂಡೂ ಲಾಗ್ ಬೆಳೆಯುತ್ತೆ. ಬಿನ್‌ಲಾಗ್ ಅಂತೂ ಕೇಳಲೇಬೇಡಿ. ಸಾಲುವಾರು ಮಾದರಿಯಲ್ಲಿ, ಡೀಫಾಲ್ಟ್ ಸೆಟ್ಟಿಂಗ್ ಇದ್ದರೆ, ಅಳಿಸಿದ ಪ್ರತಿ ಸಾಲಿನ ಪೂರ್ತಿ ನಕಲು ಅದರಲ್ಲಿ ಹೋಗುತ್ತೆ. ನಮ್ಮ ಲೆಕ್ಕದಲ್ಲಿ 60 ಕೋಟಿಗೆ 200 ಬೈಟ್ ಗುಣಿಸಿದರೆ 120 ಜಿಬಿ. ಕಮಿಟ್ ಆಗೋ ತನಕ ಅದು ಟೆಂಪ್ ಫೈಲಲ್ಲಿ ಇರುತ್ತೆ, ಕಮಿಟ್ ಹೊತ್ತಿಗೆ ಬಿನ್‌ಲಾಗ್‌ಗೆ ನಕಲಾಗುತ್ತೆ. ಪೋಸ್ಟ್‌ಗ್ರೆಸ್‌ನಲ್ಲೂ ಕಥೆ ಇದೇ ಜಾತಿಯದು. ಸತ್ತ ಸಾಲುಗಳು ಅಲ್ಲೇ ಬಿದ್ದಿರ್ತವೆ, ವ್ಯಾಕ್ಯೂಮ್ ಬಂದು ಜಾಗವನ್ನ ಮರುಬಳಕೆಗೆ ಬಿಡುತ್ತೆ. ಫೈಲ್ ನಿಜವಾಗಿ ಸಣ್ಣದಾಗಬೇಕು ಅಂದ್ರೆ ಸಾಮಾನ್ಯವಾಗಿ ವ್ಯಾಕ್ಯೂಮ್ ಫುಲ್ ಬೇಕು. ಅದು ಇಡೀ ಟೇಬಲ್‌ಗೆ ಲಾಕ್ ಹಾಕಿ ಹೊಸ ನಕಲು ಬರೆಯುತ್ತೆ, ಅದಕ್ಕೂ ಖಾಲಿ ಡಿಸ್ಕ್ ಬೇಕು.

ಎರಡನೇ ಅಪಾಯ, ಅರ್ಧದಲ್ಲಿ ನಿಲ್ಲಿಸೋದು. ನಾನಿದ್ದ ಒಂದು ಕಂಪನಿಯಲ್ಲಿ ನಮ್ಮ ಟೀಮಿನ ಹುಡುಗ, ಧಾರವಾಡದ ಕಡೆಯವನು, ನಡುರಾತ್ರಿ ಫೋನ್ ಮಾಡಿದ. "ಅಣ್ಣಾರ, ಡಿಲೀಟ್ ಹಾಕಿ ಮೂರು ತಾಸಾತ್ರಿ. ಇನ್ನೂ ನಡದೈತಿ. ಮ್ಯಾನೇಜರ್ ಕಿಲ್ ಮಾಡು ಅನ್ನಾಕತ್ತಾರ. ಮಾಡ್ಲೇನ್ರಿ?" ಒಟ್ಟು 12 ಕೋಟಿ ಸಾಲು ತೆಗೆಯೋದಿತ್ತು. ನಾನು ಹೇಳಿದೆ, "ತಡಿಯಪ್ಪಾ, ಮೊದಲು ಎಷ್ಟು ಆಗಿದೆ ನೋಡು." ಇನ್ಫರ್ಮೇಷನ್ ಸ್ಕೀಮಾದಲ್ಲಿ ಇನ್ನೋಡಿಬಿ ಟ್ರಾನ್ಸಾಕ್ಷನ್‌ಗಳ ಒಂದು ಪಟ್ಟಿ ಇದೆ. ಪ್ರತಿ ಟ್ರಾನ್ಸಾಕ್ಷನ್ ಎಷ್ಟು ಸಾಲು ಬದಲಾಯಿಸಿದೆ ಅನ್ನೋ ಅಂದಾಜು ಅಲ್ಲಿ ಸಿಗುತ್ತೆ. ನೋಡಿದ, ಸುಮಾರು 9 ಕೋಟಿ.

ಈಗ ಲೆಕ್ಕ ಸುಲಭ. ಮೂರು ಗಂಟೆಗೆ 9 ಕೋಟಿ ಅಂದ್ರೆ ಉಳಿದ 3 ಕೋಟಿಗೆ ಇನ್ನೊಂದು ಗಂಟೆ. ಕಿಲ್ ಮಾಡಿದರೆ ರೋಲ್‌ಬ್ಯಾಕ್ ಶುರು ಆಗುತ್ತೆ, 9 ಕೋಟಿ ಗುರುತನ್ನ ಒಂದೊಂದಾಗಿ ಅಳಿಸ್ತಾ ಹಿಂದಕ್ಕೆ ಬರಬೇಕು. ಮೂಲ ಕೆಲಸಕ್ಕೆ ಹಿಡಿದ ಸಮಯದ ಹಲವು ಪಟ್ಟು ರೋಲ್‌ಬ್ಯಾಕ್‌ಗೆ ಹಿಡಿಯಬಹುದು ಅಂತ ಮೈಎಸ್‌ಕ್ಯೂಎಲ್ ಮ್ಯಾನುಯಲ್ಲೇ ಎಚ್ಚರಿಸುತ್ತೆ. ಸರ್ವರ್ ರೀಸ್ಟಾರ್ಟ್ ಮಾಡಿಬಿಡೋಣ ಅಂದ್ರೂ ಬಿಡಲ್ಲ, ಎದ್ದ ಮೇಲೆ ರೋಲ್‌ಬ್ಯಾಕ್ ಮತ್ತೆ ಮುಂದುವರಿಯುತ್ತೆ. ಹಾಗಾಗಿ ನಾವು ಕಿಲ್ ಮಾಡಲಿಲ್ಲ. ರೆಪ್ಲಿಕಾಗಳೆಲ್ಲ ಓದಿ ಮುಗಿಸಿದ್ದ, ಬ್ಯಾಕಪ್ ಆಗಿದ್ದ ಹಳೇ ಬಿನ್‌ಲಾಗ್‌ಗಳನ್ನ ಪರ್ಜ್ ಕಮಾಂಡ್ ಕೊಟ್ಟು ತೆಗೆದು, ಕಮಿಟ್‌ಗೆ ಬೇಕಾದ ಜಾಗ ಮಾಡ್ಕೊಂಡ್ವಿ. ಬೆಳಗಾಗೋದರೊಳಗೆ ಮುಗೀತು. ಆದರೆ ರೆಪ್ಲಿಕಾದಲ್ಲಿ ಆ ಕೆಲಸ ಶುರುವಾಗಿದ್ದೇ ಕಮಿಟ್ ಆದ ಮೇಲೆ. ಬೆಳಗ್ಗೆ ಆಫೀಸಿಗೆ ಬಂದೋರಿಗೆ ಡ್ಯಾಶ್‌ಬೋರ್ಡ್‌ನಲ್ಲಿ ನಿನ್ನೆ ರಾತ್ರಿಯ ಅಂಕಿ ಕಾಣ್ತಾ ಇತ್ತು. ಕಿಲ್ ಮಾಡೋ ಮೊದಲು ಎಷ್ಟು ದೂರ ಬಂದಿದ್ದೀವಿ ಅಂತ ನೋಡೋ ಒಂದು ನಿಮಿಷ ಆ ರಾತ್ರಿ ಉಳಿಸಿತು.

ಪೋಸ್ಟ್‌ಗ್ರೆಸ್‌ನವರಿಗೆ ಇನ್ನೊಂದು ಗುಪ್ತ ಕಾರಣ ಇದೆ, ಫಾರಿನ್ ಕೀ. ಗ್ರಾಹಕರ ಟೇಬಲ್‌ನಿಂದ ಒಂದು ಸಾಲು ಅಳಿಸಿದರೆ, ಅವರ ಹೆಸರಲ್ಲಿ ಆರ್ಡರ್ ಉಳಿದಿದೆಯಾ ಅಂತ ಆರ್ಡರ್ ಟೇಬಲ್‌ನಲ್ಲಿ ನೋಡಬೇಕು. ಆ ಕಾಲಮ್ ಮೇಲೆ ಇಂಡೆಕ್ಸ್ ಇಲ್ಲದಿದ್ದರೆ ಪ್ರತಿ ಗ್ರಾಹಕನಿಗೂ ಇಡೀ ಆರ್ಡರ್ ಟೇಬಲ್ ಓದಬೇಕು. ಇನ್ನೋಡಿಬಿ ಆ ಇಂಡೆಕ್ಸ್ ಇರಲೇಬೇಕು ಅಂತ ಹಠ ಹಿಡಿಯುತ್ತೆ, ಪೋಸ್ಟ್‌ಗ್ರೆಸ್ ಹಿಡಿಯಲ್ಲ. ಕೆಲವೇ ಸಾವಿರ ಸಾಲಿನ ಡಿಲೀಟ್ ಗಂಟೆಗಟ್ಟಲೆ ಓಡ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಟೆಸ್ಟ್ ಸರ್ವರ್‌ನಲ್ಲಿ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ ನೋಡಿ. ಕನ್‌ಸ್ಟ್ರೇಂಟ್ ಟ್ರಿಗರ್‌ಗೆ ಎಷ್ಟು ಸಮಯ ಹೋಯ್ತು ಅಂತ ಕೊನೇಲಿ ಬರೆದಿರುತ್ತೆ.

ಸರಿ, ಒಂದೊಂದೇ ಸಾಲು ಬೇಡ, ಇಡೀ ಟೇಬಲ್ಲೇ ಡ್ರಾಪ್ ಮಾಡಿಬಿಡ್ತೀನಿ ಅಂದ್ರೆ? ಡ್ರಾಪ್ ಸಾಲುಗಳ ಗೋಜಿಗೇ ಹೋಗಲ್ಲ. ಟೇಬಲ್‌ಗೆ ಅದರದ್ದೇ ಫೈಲ್ ಇದ್ದರೆ ಆ ಫೈಲ್ ತೆಗೆದರೆ ಮುಗೀತು. ಆದ್ರೂ ಮೂರು ಕಡೆ ಸಿಕ್ಕಿಹಾಕಿಕೊಳ್ಳಬಹುದು.

ಮೊದಲನೇದು ಲಾಕ್. ಮುಂಬೈ, ಪುಣೆಯಲ್ಲಿರೋರು ಸೊಸೈಟಿ ರೀಡೆವಲಪ್‌ಮೆಂಟ್ ನೋಡಿರ್ತೀರಿ. 40 ಮನೆಯಲ್ಲಿ 39 ಖಾಲಿಯಾದ್ರೂ ಒಬ್ಬರು ಬಿಡಲ್ಲ ಅಂದ್ರೆ ಬುಲ್ಡೋಜರ್ ಗೇಟಲ್ಲೇ ನಿಲ್ಲುತ್ತೆ. ಆ ಟೇಬಲ್ ಓದಿದ ಯಾವುದಾದರೂ ಒಂದು ಟ್ರಾನ್ಸಾಕ್ಷನ್ ಮುಗೀದೇ ಕೂತಿದ್ದರೂ ಸಾಕು, ಡ್ರಾಪ್ ಕಾಯುತ್ತೆ. ಯಾರೋ ಮಧ್ಯಾಹ್ನ ರಿಪೋರ್ಟ್ ತೆಗೆದು ಕಮಿಟ್ ಮಾಡದೆ ಚಹಾ ಕುಡಿಯೋಕೆ ಹೋಗಿದ್ದರೂ ಅಷ್ಟೇ. ಇದಕ್ಕಿಂತ ಕೆಟ್ಟದ್ದು ಏನಂದ್ರೆ, ಬುಲ್ಡೋಜರ್ ಗೇಟಿಗೆ ಅಡ್ಡ ನಿಂತಿರುತ್ತಲ್ಲ, ಹೊಸದಾಗಿ ಬರೋರು ಯಾರೂ ಒಳಗೆ ಹೋಗೋಕೆ ಆಗಲ್ಲ. ಆ ಟೇಬಲ್ ಕೇಳೋ ಪ್ರತಿ ಹೊಸ ಕ್ವೆರಿ ಡ್ರಾಪ್‌ನ ಹಿಂದೆ ಸಾಲಾಗಿ ನಿಲ್ಲುತ್ತೆ, ಕನೆಕ್ಷನ್ ಎಲ್ಲ ಖರ್ಚಾಗುತ್ತೆ, ಸೈಟ್ ನಿಲ್ಲುತ್ತೆ. ಈ ಲಾಕ್‌ಗೆ ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಕಾಯುವ ಅವಧಿ 3,15,36,000 ಸೆಕೆಂಡ್, ಅಂದ್ರೆ ಸರಿಯಾಗಿ ಒಂದು ವರ್ಷ! ಅದಕ್ಕೆ ಡ್ರಾಪ್ ಕೊಡೋ ಮೊದಲು ನಿಮ್ಮ ಸೆಷನ್‌ನಲ್ಲಿ ಅದನ್ನ 5 ಸೆಕೆಂಡಿಗೆ ಇಳಿಸಿ. ಲಾಕ್ ಸಿಗಲಿಲ್ಲ ಅಂದ್ರೆ ಬಿಟ್ಟು, ಯಾರು ಹಿಡಿದಿದ್ದಾರೆ ನೋಡಿ ಮತ್ತೆ ಪ್ರಯತ್ನಿಸಿ.

ಎರಡನೇದು ಮೆಮೊರಿ. ಟೇಬಲ್ಲಿನ ಪೇಜ್‌ಗಳು ಬಫರ್ ಪೂಲ್‌ನಲ್ಲಿ ಕೂತಿರ್ತವೆ. ಹಳೇ ಆವೃತ್ತಿಗಳಲ್ಲಿ ಡ್ರಾಪ್ ಆದಾಗ ಅವನ್ನ ಹುಡುಕಬೇಕಿತ್ತು. 128 ಜಿಬಿ ಬಫರ್ ಪೂಲ್ ಅಂದ್ರೆ 16 ಕೆಬಿಯ ಸುಮಾರು 84 ಲಕ್ಷ ಪೇಜ್. 84 ಲಕ್ಷ ಜನ್ಮ ಎತ್ತಿ ಬಂದ ಹಾಗೆ! ಆ ಹುಡುಕಾಟದ ಹೊತ್ತಲ್ಲಿ ಬೇರೆ ಕ್ವೆರಿಗಳೂ ತಡವರಿಸ್ತಿದ್ವು. 2021ರ ಜನವರಿಯಲ್ಲಿ ಬಂದ 8.0.23 ಆವೃತ್ತಿಯಲ್ಲಿ ಇದನ್ನ ಬದಲಾಯಿಸಿದರು. ಈಗ ಡ್ರಾಪ್ ಆದ ಟೇಬಲ್ಲಿನ ಪೇಜ್‌ಗಳನ್ನ ಒಂದೇ ಸಲ ಹುಡುಕಿ ಹೊರಹಾಕಲ್ಲ, ಮುಂದೆ ಕೆಲಸದ ನಡುವೆ ಎದುರಾದಾಗ ತೆಗೀತಾರೆ. ನಿಮ್ಮ ಕಂಪನಿ ಇನ್ನೂ 5.7ರಲ್ಲಿ ಇದ್ದರೆ ಈ ತೊಂದರೆ ನಿಮ್ಮ ಪಾಲಿಗೆ ಜೀವಂತ.

ಮೂರನೇದು ಫೈಲ್ ಸಿಸ್ಟಮ್. ಹಳೇ ಇಎಕ್ಸ್‌ಟಿ3ಯಲ್ಲಿ 4 ಕೆಬಿಯ ಪ್ರತಿ ಬ್ಲಾಕಿಗೂ ಬೇರೆ ಬೇರೆ ವಿಳಾಸ ಬರೆದಿಟ್ಟಿರ್ತಾರೆ. 100 ಜಿಬಿ ಫೈಲಿಗೆ 2.6 ಕೋಟಿ ವಿಳಾಸ. ಫೈಲ್ ಅಳಿಸುವಾಗ ಆ ವಿಳಾಸದ ಬ್ಲಾಕ್‌ಗಳನ್ನೆಲ್ಲ ಓದಿ, ಒಂದೊಂದು ಜಾಗವನ್ನೂ ಖಾಲಿ ಅಂತ ಗುರುತು ಮಾಡಬೇಕು. ಇಎಕ್ಸ್‌ಟಿ4 ಬಂದ ಮೇಲೆ 'ಇಲ್ಲಿಂದ ಇಲ್ಲಿ ತನಕ' ಅಂತ ಒಟ್ಟಾಗಿ ಬರೀತಾರೆ, ಒಂದು ತುಂಡು 128 ಎಂಬಿ ತನಕ ಇರಬಹುದು. ಅದೇ ಫೈಲಿಗೆ 800 ನಮೂದಿನಲ್ಲೂ ಮುಗಿಯಬಹುದು. ಆದರೆ ಎಸ್‌ಎಸ್‌ಡಿಯಲ್ಲಿ ಡಿಸ್ಕಾರ್ಡ್ ಆಯ್ಕೆ ಹಾಕಿ ಮೌಂಟ್ ಮಾಡಿದ್ದರೆ, ದೊಡ್ಡ ಫೈಲ್ ಹೋದಾಗ ಡ್ರೈವ್‌ಗೆ ಟ್ರಿಮ್ ಕಮಾಂಡ್‌ಗಳ ಮಳೆ ಸುರಿದು ಉಳಿದ ಕೆಲಸ ಮುಗ್ಗರಿಸೋದುಂಟು.

ಇದಕ್ಕೆ ಡಿಬಿಎಗಳಲ್ಲಿ ಒಂದು ಹಳೇ ಉಪಾಯ ಇದೆ. ಡ್ರಾಪ್ ಮಾಡೋ ಮೊದಲು ಆ ಟೇಬಲ್ಲಿನ ಫೈಲಿಗೆ ಬೇರೆ ಹೆಸರಲ್ಲಿ ಒಂದು ಹಾರ್ಡ್ ಲಿಂಕ್ ಮಾಡ್ತಾರೆ. ಒಂದೇ ಫೈಲಿಗೆ ಎರಡು ಹೆಸರು. ಡ್ರಾಪ್ ಆದಾಗ ಒಂದು ಹೆಸರು ಹೋಗುತ್ತೆ, ಇನ್ನೊಂದು ಹೆಸರು ಇರೋದರಿಂದ ಬ್ಲಾಕ್ ಯಾವುದೂ ಬಿಡುಗಡೆ ಆಗಲ್ಲ, ಕೆಲಸ ಕ್ಷಣದಲ್ಲಿ ಮುಗಿಯುತ್ತೆ. ಆಮೇಲೆ ಆ ಎರಡನೇ ಹೆಸರಿನ ಫೈಲನ್ನ ಟ್ರಂಕೇಟ್ ಅನ್ನೋ ಲಿನಕ್ಸ್ ಕಮಾಂಡಿನಿಂದ ಒಂದೊಂದು ಜಿಬಿಯಂತೆ, ನಡುವೆ ಉಸಿರು ಬಿಟ್ಟು, ಸಣ್ಣದು ಮಾಡ್ತಾ ಹೋಗೋದು. ಕ್ಲೌಡಿನ ಮ್ಯಾನೇಜ್ಡ್ ಡೇಟಾಬೇಸ್‌ಗಳಲ್ಲಿ ಫೈಲ್ ನಮ್ಮ ಕೈಗೆ ಸಿಗಲ್ಲ, ಅಲ್ಲಿ ಇದು ನಡೆಯಲ್ಲ.

ಹಾಗಾದ್ರೆ ಡೇಟಾ ತೆಗೆಯೋ ಸರಿಯಾದ ದಾರಿ ಯಾವುದು? ಮೂರು ಇವೆ.

ಒಂದು, ಕಂತಿನಲ್ಲಿ ಅಳಿಸೋದು. ಒಂದು ಸಲಕ್ಕೆ ಒಂದೆರಡು ಸಾವಿರ ಸಾಲು, ಕಮಿಟ್, ಸ್ವಲ್ಪ ವಿರಾಮ, ರೆಪ್ಲಿಕಾ ಹಿಂದೆ ಬಿದ್ದಿದೆಯಾ ನೋಡಿ ಮುಂದಿನ ಕಂತು. ನಿಲ್ಲಿಸಬೇಕಾದರೆ ಕೊನೇ ಕಂತು ಮಾತ್ರ ವಾಪಸ್ ಬರುತ್ತೆ. ಎಸ್‌ಕ್ಯೂಎಲ್ ಸರ್ವರ್ ಬಳಸೋರು ಗಮನಿಸಿ, ಅಲ್ಲಿ ಒಂದು ಸ್ಟೇಟ್‌ಮೆಂಟ್ ಸುಮಾರು 5,000 ಲಾಕ್ ಹಿಡಿದರೆ ಅದು ಇಡೀ ಟೇಬಲ್ಲಿನ ಲಾಕ್ ಆಗಿ ಏರಬಹುದು. ಕಂತಿನಲ್ಲಿ ಒಂದು ಸೂಕ್ಷ್ಮ ಇದೆ. ಪ್ರತಿ ಸಲ 'ಹಳೇ ಸಾಲಲ್ಲಿ ಮೊದಲ 2,000 ಅಳಿಸು' ಅಂತ ಕೊಟ್ಟರೆ ಹೋಗ್ತಾ ಹೋಗ್ತಾ ನಿಧಾನ ಆಗುತ್ತೆ. ಯಾಕಂದ್ರೆ ಪರ್ಜ್ ಆಗದೇ ಉಳಿದ ಗೀಟು ಹಾಕಿದ ಸಾಲುಗಳನ್ನ ಪ್ರತಿ ಸಲ ಮೊದಲಿನಿಂದ ದಾಟಿ ಬರಬೇಕು. ಹಿಂದಿನ ಕಂತಿನ ಕೊನೇ ಪ್ರೈಮರಿ ಕೀ ನೆನಪಿಟ್ಕೊಂಡು ಅಲ್ಲಿಂದ ಮುಂದೆ ಹೋಗಿ. ಪರ್ಕೋನಾ ಟೂಲ್‌ಕಿಟ್‌ನ ಪಿಟಿ-ಆರ್ಕೈವರ್ ಇದೇ ರೀತಿ ಮುಂದಕ್ಕೆ ಮಾತ್ರ ಹೋಗುತ್ತೆ. ಹಾಗೇ, ತಾರೀಕಿನ ಮೇಲೆ ಇಂಡೆಕ್ಸ್ ಇಲ್ಲದೆ ತಾರೀಕಿನ ಷರತ್ತು ಹಾಕಬೇಡಿ. ಇನ್ನೋಡಿಬಿಯ ಡೀಫಾಲ್ಟ್ ಐಸೊಲೇಷನ್‌ನಲ್ಲಿ ಅದು ನೋಡಿಕೊಂಡು ಹೋದ ಸಾಲಿಗೆಲ್ಲ ಲಾಕ್ ಹಾಕುತ್ತೆ.

ಎರಡು, ಉಳಿಸಬೇಕಾದ್ದು ಸ್ವಲ್ಪ, ಬಿಸಾಡೋದು ಬಹಳ ಇದ್ದರೆ ಉಳಿಸೋದನ್ನ ಹೊಸ ಟೇಬಲ್‌ಗೆ ನಕಲು ಮಾಡಿ, ರಿನೇಮ್ ಕಮಾಂಡಿನಿಂದ ಎರಡರ ಹೆಸರು ಒಟ್ಟಿಗೆ ಅದಲು ಬದಲು ಮಾಡಿ, ಹಳೇದನ್ನ ಡ್ರಾಪ್ ಮಾಡಿ. ನಕಲು ನಡೀತಿರುವಾಗ ಬರೋ ಹೊಸ ಬರಹಗಳಿಗೆ ಟ್ರಿಗರ್ ಇಡಬೇಕು, ಇಲ್ಲಾಂದ್ರೆ ಸ್ವಲ್ಪ ಹೊತ್ತು ಬರೆಯೋದು ನಿಲ್ಲಿಸಬೇಕು.

ಮೂರು, ಪಾರ್ಟಿಷನ್. ತಿಂಗಳಿಗೊಂದು ಪಾರ್ಟಿಷನ್ ಮಾಡಿದ್ದರೆ ಹಳೇ ತಿಂಗಳನ್ನ ಡ್ರಾಪ್ ಮಾಡೋದು ಸಣ್ಣ ಫೈಲ್ ತೆಗೆದ ಹಾಗೆ. ಇದಕ್ಕೆ ಬೆಲೆ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಪ್ರೈಮರಿ ಕೀ ಸೇರಿ ಪ್ರತಿ ಯೂನಿಕ್ ಕೀಯಲ್ಲೂ ಆ ತಾರೀಕಿನ ಕಾಲಮ್ ಇರಲೇಬೇಕು, ಇನ್ನೋಡಿಬಿಯ ಪಾರ್ಟಿಷನ್ ಟೇಬಲ್‌ಗೆ ಫಾರಿನ್ ಕೀ ಇಡೋಕಾಗಲ್ಲ. 200 ಜಿಬಿ ಆದ ಮೇಲೆ ಪಾರ್ಟಿಷನ್ ಮಾಡ್ತೀನಿ ಅಂದ್ರೆ ಇಡೀ ಟೇಬಲ್ ಮತ್ತೆ ಬರೀಬೇಕು. ಹಾಗಾಗಿ ಇದನ್ನ ಟೇಬಲ್ ಹುಟ್ಟೋ ದಿನವೇ ಯೋಚಿಸಬೇಕು.

ಅಳಿಸೋದು ಈಗ ಬರೀ ಡಿಸ್ಕ್ ಉಳಿಸೋ ವಿಷಯ ಆಗಿ ಉಳಿದಿಲ್ಲ. ಬಳಕೆಯ ಉದ್ದೇಶ ಮುಗಿದಾಗ, ಅಥವಾ ವ್ಯಕ್ತಿ ಒಪ್ಪಿಗೆ ಹಿಂತೆಗೆದುಕೊಂಡಾಗ, ಬೇರೆ ಕಾನೂನು ಇಟ್ಟುಕೊಳ್ಳಿ ಅನ್ನದಿದ್ದರೆ ವೈಯಕ್ತಿಕ ಡೇಟಾ ಅಳಿಸಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಹೇಳುತ್ತೆ. ಇನ್ನೊಂದು ಕಡೆ 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನ ಸಿಸ್ಟಮ್ ಲಾಗ್‌ಗಳನ್ನ 180 ದಿನ ಇಟ್ಟಿರಬೇಕು ಅನ್ನುತ್ತೆ. ಒಂದು ಇಡು ಅನ್ನುತ್ತೆ, ಒಂದು ತೆಗಿ ಅನ್ನುತ್ತೆ. 180 ದಿನದ ಲಾಗ್‌ಗೆ ಪಾರ್ಟಿಷನ್ ಸರಿಹೋಗುತ್ತೆ. ಆದರೆ ಒಬ್ಬ ಗ್ರಾಹಕಿ 'ನನ್ನದನ್ನೆಲ್ಲ ತೆಗೀರಿ' ಅಂದಾಗ ಅವರ ಸಾಲುಗಳು ಎಲ್ಲಾ ತಿಂಗಳ ಪಾರ್ಟಿಷನ್‌ನಲ್ಲೂ ಹರಡಿರ್ತವೆ. ಅಲ್ಲಿ ಗ್ರಾಹಕರ ಐಡಿ ಮೇಲಿನ ಇಂಡೆಕ್ಸ್ ಮತ್ತು ಕಂತಿನ ಡಿಲೀಟೇ ಗತಿ. 'ಅಳಿಸಲಾಗಿದೆ' ಅನ್ನೋ ಒಂದು ಕಾಲಮ್‌ಗೆ 1 ಅಂತ ಹಾಕಿ ಕೈ ತೊಳ್ಕೊಂಡರೆ ಡೇಟಾ ಹೋದ ಹಾಗಲ್ಲ. ಅವರ ಫೋನ್ ನಂಬರ್, ಮನೆ ವಿಳಾಸ ಅಲ್ಲೇ ಇರುತ್ತೆ. ನಾಳೆ ಆ ಡೇಟಾ ಸೋರಿದರೆ ಆ ಕಾಲಮ್‌ನಲ್ಲಿ 1 ಇತ್ತು ಅಂತ ಅವರಿಗೆ ಸಮಾಧಾನ ಹೇಳೋಕಾಗುತ್ತಾ?

ಮುಂದಿನ ಸಲ ನಿಮ್ಮ ಟೀಮಿನಲ್ಲಿ ಹೊಸ ಟೇಬಲ್ಲಿನ ಡಿಸೈನ್ ಚರ್ಚೆಗೆ ಬಂದಾಗ ದಿನಕ್ಕೆ ಎಷ್ಟು ಸಾಲು ಬರುತ್ತೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ನೀವು ಇನ್ನೊಂದು ಕೇಳಿ. ಈ ಸಾಲು ಯಾವತ್ತು ಹೋಗುತ್ತೆ, ಯಾವ ದಾರಿಯಲ್ಲಿ ಹೋಗುತ್ತೆ? ತಾರೀಕಿನ ಪ್ರಕಾರನಾ, ವ್ಯಕ್ತಿಯ ಪ್ರಕಾರನಾ, ಅಥವಾ ಎರಡೂನಾ? ಉತ್ತರವನ್ನ ಡಿಸೈನ್ ಡಾಕ್ಯುಮೆಂಟಿನಲ್ಲಿ ಎರಡು ಸಾಲು ಬರೆಸಿಡಿ. ಎರಡು ವರ್ಷ ಆದ ಮೇಲೆ ಆನ್‌ಕಾಲ್‌ನಲ್ಲಿ ಇರೋ ಹುಡುಗನೋ ಹುಡುಗಿಯೋ ಆ ರಾತ್ರಿ ಆರಾಮಾಗಿ ಮಲಗ್ತಾರೆ.

ನಿಮ್ಮ ಕಂಪನಿಯಲ್ಲಿ ಹಳೇ ಡೇಟಾ ಹೇಗೆ ತೆಗೀತೀರಿ, ಕೆಳಗೆ ಬರೀರಿ. ಮುಂದಿನ ಮಾತಿನಲ್ಲಿ ರೆಪ್ಲಿಕಾ ಯಾಕೆ ಹಿಂದೆ ಬೀಳುತ್ತೆ ಅನ್ನೋದನ್ನ ನೋಡೋಣ.